೬೧೬.೨೪

ಚೀಲ ಹೊರಗೆ, ಚಪ್ಪಲಿ ಹೊರಗೆ,
ನೀರಿನ ಬಾಟಲಿಯೂ ಹೊರಗೆ.
ಬಾಗಿಲಲ್ಲಿ ದಪ್ಪ ರಿಜಿಸ್ಟರು: ಹೆಸರು, ವರ್ಷ, ಬಂದ ಹೊತ್ತು.
ಕೊನೆಯ ಕಾಲಮ್ಮು, ಉದ್ದೇಶ.
ಬೆಳಿಗ್ಗೆ ಯಾವಳೋ ‘ಓದು’ ಅಂತ ಬರೆದಿದ್ದಾಳೆ,
ಮಿಕ್ಕವರೆಲ್ಲ ಅದರ ಕೆಳಗೆ ಎರಡೆರಡು ಗೀಟು,
ಪುಟದ ತುದಿಯವರೆಗೂ ಇರುವೆ ಸಾಲು.
ನಾನೂ ಎರಡು ಗೀಟು ಎಳೆದೆ.

ಮೇಡಂ ಕೊಟ್ಟ ವಿಷಯ ಸಕ್ಕರೆ ಕಾಯಿಲೆ.
ಮಂಡ್ಯದ ನರ್ಸಿಂಗ್ ಕಾಲೇಜಿನಲ್ಲಿ ಮತ್ತೇನು ಕೊಡುತ್ತಾರೆ.
ಅದರ ಪುಸ್ತಕ ನಲವತ್ತು ಹುಡುಗಿಯರ ಕೈ ದಾಟಿ
ಬೆನ್ನು ಬಿಟ್ಟುಕೊಂಡು ಮೇಜಿನ ಮೇಲೆ ಮಲಗಿತ್ತು,
ಸುತ್ತ ಆರು ಜಡೆ.
ಸರದಿ ಬರಲಿ ಎಂದು
ಫ್ಯಾನಿಲ್ಲದ ಕಡೆಯ ಸಾಲಿಗೆ ಹೋಗಿ ನಿಂತೆ.

ಕಡೆಯ ಸಾಲು ಶ್ವಾಸಕೋಶದ್ದು.
ತಗಡಿನ ಮೇಲೆ ಬಿಳಿ ಪೇಂಟು: ೬೧೬.೨೪.
ಎಳೆದರೆ ಬರಲಿಲ್ಲ, ಪಕ್ಕದ ರಟ್ಟಿಗೆ ಅಂಟಿಕೊಂಡಿತ್ತು.
ಬಿಡಿಸಿದಾಗ ಹಳೇ ಸೀರೆ ಹರಿದ ಸದ್ದು.
ತಾರೀಕಿನ ಚೀಟಿಯಲ್ಲಿ ಒಂದೇ ಒಂದು ಮುದ್ರೆ,
ನಾನು ಹುಟ್ಟುವುದಕ್ಕೆ ಎರಡು ವರ್ಷ ಮುಂಚಿನದು.

ಹಿಂದಿನ ಪುಟಗಳಲ್ಲಿ ಕೆಮ್ಮು ಹುಡುಕಿದೆ: ಊರಿಗೂರೇ ಕೆಮ್ಮು.
ದೂಳು ಹುಡುಕಿದೆ:
ಹತ್ತಿಯ ದೂಳು, ಕಲ್ಲಿನ ದೂಳು, ಕಲ್ಲಿದ್ದಲ ದೂಳು,
ಪಾರಿವಾಳ ಸಾಕುವವರದೂ ಒಂದು.
ಯಾರೋ ಎಲ್ಲೋ ಕೂತು ಒಂದೊಂದು ಕಸುಬಿಗೂ
ಒಂದೊಂದು ಕೆಮ್ಮು ಬರೆದಿಟ್ಟಿದ್ದಾರೆ.
ನಡುವೆ ಒಂದು ಪದ, ಬಗಾಸ್.
ನಾಲಿಗೆಗೆ ಗುರುತು ಹತ್ತಲಿಲ್ಲ.
ಡಿಕ್ಷನರಿ ಹೇಳಿತು, ಹಾಲು ಹಿಂಡಿದ ಮೇಲೆ ಉಳಿಯುವ ಕಬ್ಬಿನ ನಾರು.

ಅಯ್ಯೋ, ರಚ್ಚು!
ಅದರ ಗುಡ್ಡೆ ಮೇಲಿಂದ ಜಾರಿದ್ದೀನಿ,
ಲಂಗಕ್ಕೆಲ್ಲ ಚುಚ್ಚಿಸಿಕೊಂಡು ಅವ್ವನ ಕೈಲಿ ಏಟು ತಿಂದಿದ್ದೀನಿ.
ಇಂಗ್ಲಿಷಿನ ಅಂಗಿ ತೊಟ್ಟು ಇಲ್ಲಿ ಬಂದು ಕೂತಿದೆ,
ಮಾತಾಡಿಸದೆ ದಾಟಿಹೋಗುತ್ತಿದ್ದೆ.

ಬೆರಳಿಟ್ಟು ಓದಿದೆ.
ನೆನೆದು, ಒಳಗೊಳಗೇ ಕಾವು ಹಿಡಿದು, ಬೂಷ್ಟು ಬಂದ ರಚ್ಚು.
ಅದನ್ನು ಕೆದರಿ ಎಳೆಯುವವರ ಎದೆ.
ಹಗಲು ಕೆಲಸ, ಸಂಜೆಗೆ ಚಳಿಜ್ವರ, ಒಣ ಕೆಮ್ಮು, ಉಬ್ಬಸ.
ದೂರ ಉಳಿದರೆ ಇಳಿಯುತ್ತದೆ,
ಮತ್ತೆ ಹೋದರೆ ಮತ್ತೆ.
ಬರೆದವನು ಜವರಮಾವನನ್ನು ಕಂಡವನಲ್ಲ.
ಆಲೆಮನೆಯ ಒಲೆಬಾಯಿ ಕಂಡವನಲ್ಲ.
ಗಾಣ ಕೆಟ್ಟು ನಿಂತ ವಾರ ಮಾವ
ಎರಡು ಮುದ್ದೆ ಉಂಡು ಗೊರಕೆ ಹೊಡೆದದ್ದು
ಅವನಿಗೆ ಹೇಗೆ ಗೊತ್ತಾಯಿತು?
ನಾವೆಲ್ಲ ಬೀಡಿ ಬೀಡಿ ಅಂತ ಬೈದೆವು.
ಬೀಡಿ ಬಿಟ್ಟು ಮೂರು ವರ್ಷವಾಗಿತ್ತು.

‘ರೆಫರೆನ್ಸು, ಹೊರಗೆ ಕೊಡಲ್ಲ’ ಅಂದರು ಕೆಂಪರಾಜು ಸಾರು.
ಆಮೇಲೆ ಪುಟ ನೋಡಿ, ನನ್ನ ಮುಖ ನೋಡಿ,
‘ಕರೆಂಟು ಹೋಗೋದ್ರೊಳಗೆ ಜೆರಾಕ್ಸ್ ಮಾಡ್ಸು, ಎರಡೇ ಪುಟ.
ಪುಸ್ತಕ ನೋಡಿ ಡಾಕ್ಟ್ರಾಗ್ಬೇಡ ಕಣಮ್ಮ,
ದೊಡ್ಡಾಸ್ಪತ್ರೇಲಿ ಎದೆ ಫೋಟೋ ತೆಗೆಸು.’

ಮಾವ ಕಾಗದವನ್ನು ಬಲ್ಬಿಗೆ ಹಿಡಿದ, ನೋಟು ಪರೀಕ್ಷಿಸುವ ಹಾಗೆ.
‘ಇದ್ರಲ್ಲಿ ನಾನಿವ್ನಾ?’
ಇದೀಯ.
‘ಹೆಸ್ರು?’
ಇಲ್ಲ. ರಚ್ಚು ಅಂತಲೂ ಇಲ್ಲ.
‘ಮತ್ತೆ ನಾನು ಅಂತ ಹೆಂಗ್ ಯೋಳ್ತೀಯೆ?’
ನಕ್ಕ. ನಗು ಕೆಮ್ಮಾಗಿ
ಚೊಂಬು ನೀರು ಖಾಲಿಯಾಗುವವರೆಗೂ ನಿಲ್ಲಲಿಲ್ಲ.

ಮಾರನೆಯ ದಿನ ಕೆಂಪರಾಜು ಸಾರು ಊಟಕ್ಕೆ ಎದ್ದಾಗ
ಆ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದೆ: ರಚ್ಚು.
ಗೊತ್ತಾದರೆ ಐವತ್ತು ರೂಪಾಯಿ ದಂಡ.
ಸಕ್ಕರೆ ಕಾಯಿಲೆ ಇನ್ನೂ ಶುರುಮಾಡಿಲ್ಲ.

ಸೋಮವಾರ ಆಸ್ಪತ್ರೆಯ ಸಾಲು.
ಕಿಟಕಿಯೊಳಗಿನವನು ತಲೆಯೆತ್ತದೆ ಕೇಳಿದ,
‘ಹೆಸರು, ವಯಸ್ಸು, ಏನು ತೊಂದರೆ?’
ಮಾವ ಟವೆಲ್ಲು ಬಾಯಿಗಿಟ್ಟುಕೊಂಡು ನನ್ನ ಕಡೆ ನೋಡಿದ.
ನಾನು ಕಂಬಿ ಹಿಡಿದು ಬಗ್ಗಿ ಹೇಳಿದೆ,
ಕೆಲಸ ಏನು ಅಂತಲೂ ಬರ್ಕೊಳ್ಳಿ ಸಾರ್.
ಅದಕ್ಕೆ ಕಾಲಮ್ಮಿಲ್ಲ, ಅಂದ.
ಪಕ್ಕದಲ್ಲಿ ಬರೀರಿ, ಅಂದೆ.