ಎರಡನೇ ತೂತು

ನೆಫಾಸಿತ್ ದಾಟಿ ಏಳನೇ ತಿರುವಿಗೆ ಬಂದರೆ ಸಾಕು,
ಒಮ್ಮೆ ಬಿಕ್ಕುತ್ತದೆ, ಎರಡು ಸಲ ಮುಗ್ಗರಿಸುತ್ತದೆ,
ಆಮೇಲೆ ಮಾತೇ ಇಲ್ಲ.
ಹೋದ ಭಾನುವಾರ ಹಿಂದಿನ ಸೀಟಿನಲ್ಲಿ ಮದುಮಗಳು.
ಬಿಳಿ ಲಂಗ ಮಂಡಿಗೆ ಎತ್ತಿ ಕಟ್ಟಿ ಅವಳೂ ತಳ್ಳಿದಳಂತೆ.
ರೈಲುಕಂಬಿಯ ಮೇಲೆ ಸಾಲಾಗಿ ಕೂತ ಕೋತಿಗಳು
ಸುಮ್ಮನೆ ನೋಡಿದವಂತೆ.

ಇಷ್ಟು ಹೇಳಿ ಲೆತೆಂಕಿಯೆಲ್ ಕೀಲಿಗೊಂಚಲು ಮೇಜಿಗಿಟ್ಟು
ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಕೊಂಡಳು.
ಐವತ್ತೆಂಟರ ಫಿಯಾಟ್, ಮೊಸರಿನ ಬಣ್ಣ.
ಅದರ ವಾರಿಗೆಯವರು ಅಸ್ಮಾರಾದಲ್ಲಿ
ಈಗ ಕೋಲೂರಿ ಚರ್ಚಿಗೆ ಹೋಗುತ್ತಾರೆ.

ನನ್ನ ಗುರು ಹಬ್ತೆಜ್ಗಿ ತಟ್ಟನೆ ಬಾನೆಟ್ಟು ಎತ್ತುವವನಲ್ಲ.
ನಾಡಿ ಹಿಡಿದ ಪಂಡಿತನ ಹಾಗೆ ಕೇಳುತ್ತಾನೆ:
ಇಳಿಯುವಾಗಲೂ ನಿಲ್ಲುತ್ತದೆಯೇ?
ಇಲ್ಲ.
ನಿಂತದ್ದು ಎಷ್ಟು ಹೊತ್ತಿಗೆ ಎದ್ದೀತು?
ಒಂದು ಸಿಗರೇಟು ಉರಿಯುವಷ್ಟು.
ಟ್ಯಾಂಕು ಅರೆಯಾದಾಗಲೋ, ತುಂಬಿದಾಗಲೋ?
ತುಂಬಿದಾಗಲೇ ಬೇಗ, ಎಂದಳು.
ತುಂಬುವುದೇ ಅಪರೂಪ.

ನಾನು ಆತುರಗಾರ. ‘ಬಿಸಿ’ ಎಂದೆ. ‘ಮಸ್ಸಾವಾದ ಬಿಸಿ.
ಪೆಟ್ರೋಲು ಕೊಳವೆಯಲ್ಲೇ ಕುದಿದು ಹಬೆಯಾಗುತ್ತದೆ.’
ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಹನ್ನೆರಡು ತಂದು
ಕೊಳವೆಗೆ ಕಚ್ಚಿಸಿದೆ, ತಂತಿಯ ಮೇಲೆ ಗುಬ್ಬಿ ಕೂತಂತೆ.
ಪಂಪಿಗೆ ಒದ್ದೆ ಚಿಂದಿ ಸುತ್ತಿದೆ.
ಏಳನೇ ತಿರುವು.
ಬಿಕ್ಕು.

ಅಲ್ಲಿಯೇ ಕಾರ್ಬುರೇಟರ್ ಬಿಚ್ಚಿದರೆ ಬಟ್ಟಲು ಒಣ ಒಣ,
ತೇಲುಗುಂಡು ತಳಕ್ಕೆ ಕೂತಿದೆ.
ಹೊಟ್ಟೆಗಿಲ್ಲ ಅನ್ನುವುದಂತೂ ನಿಜವಾಯಿತು,
ಅನ್ನ ತಡೆದವರು ಯಾರು?
ಸೀಸೆಯಲ್ಲಿ ಪೆಟ್ರೋಲು ತುಂಬಿ ಬಾನೆಟ್ಟಿಗೆ ತೂಗುಹಾಕಿ
ರೋಗಿಗೆ ಸಲೈನು ಕೊಟ್ಟಂತೆ ಕೊಟ್ಟರೆ
ಸೀಸೆ ಬರಿದಾಗುವವರೆಗೂ ಗುನುಗುನು.
ಸರಿ, ತಪ್ಪು ಹಿಂದೆಲ್ಲೋ ಇದೆ.

ಪಂಪಿನ ಪೊರೆ ಹರಿದಿಲ್ಲ;
ಬಾಯಿಗೆ ಹೆಬ್ಬೆರಳಿಟ್ಟರೆ ಕರುವಿನ ಹಾಗೆ ಚೀಪಿತು.
ಜಾಲರಿಯಲ್ಲಿ ಅರ್ಧ ಚಮಚ ಕೆಂಧೂಳು,
ಬೆರ್ಬೆರೆ ಖಾರದಪುಡಿಯ ಬಣ್ಣ. ತೊಳೆದೆ.
ಹಿಂದಿನ ಮುಚ್ಚಳ ತೆಗೆದು ಬೆಂಚಿನ ಮೇಲಿಟ್ಟು
ಗುರು ಕೊಳವೆ ಊದಿದ, ನಾನು ಟ್ಯಾಂಕಿಗೆ ಕಿವಿಯಿಟ್ಟೆ:
ಗುಳುಗುಳು. ದಾರಿ ಸರಾಗ.
ಗ್ಯಾರೇಜಿನಲ್ಲಿ ಒಂದು ತಾಸು ಓಡಿಸಿದೆವು, ಕೆಮ್ಮಲಿಲ್ಲ.
ಮುಚ್ಚಳ ತಿರುಗಿಸಿ ಹಾಕಿ ಘಾಟಿಗೆ ಒಯ್ದರೆ
ಅದೇ ಹಟ.
ಹೀಗೆ ಮೂರು ದಿನ.

ನಾಲ್ಕನೆಯ ದಿನ ಮೂವರೂ ಹೋದೆವು.
ನಿಂತಿತು. ಕೆಳಗಿನಿಂದ ಮಂಜು ಏರಿ ಬರುತ್ತಿತ್ತು.
ಹಬ್ತೆಜ್ಗಿ ಈ ಸಲ ಮುಂದಕ್ಕೆ ಹೋಗಲಿಲ್ಲ,
ಹಿಂದಕ್ಕೆ ನಡೆದು ಅಂಗೈಯಿಂದ ಮುಚ್ಚಳ ತಿರುವಿದ.
ಹಾ... ಎಂದು ಟ್ಯಾಂಕು
ಒಳಕ್ಕೆ ಉಸಿರೆಳೆದುಕೊಂಡಿತು.

ಮುಚ್ಚಳವನ್ನು ಬೆಳಕಿಗೆ ಹಿಡಿದ.
ಗಾಳಿಯಾಡಲೆಂದು ಬಿಟ್ಟ ಸೂಜಿತೂತು;
ಅದರ ಮೇಲೆ ಮೇಣ,
ಮೇಣದ ಮೇಲೆ ಹೆಬ್ಬೆಟ್ಟಿನ ಗುರುತು.

‘ನಾನೇ’ ಎಂದಳು ಲೆತೆಂಕಿಯೆಲ್.
‘ತಿಂಗಳಿಗೆ ಇಷ್ಟೇ ಲೀಟರೆಂದು ಚೀಟಿ ಕೊಟ್ಟ ವರ್ಷ.
ರಾತ್ರಿ ಗಾಡಿಯ ಪಕ್ಕ ನಿಂತರೆ ವಾಸನೆ ಬರೋದು.
ನನ್ನ ಪಾಲಿನದು ಗಾಳಿಗೆ ಹೋಗ್ತಿದೆಯಲ್ಲ ಅಂತ
ಚರ್ಚಿನ ಬತ್ತಿಯ ತುಂಡು ಕರಗಿಸಿ...’

ಮೂರು ದಿನವೂ ಆ ಮುಚ್ಚಳದ ಪಕ್ಕದಲ್ಲೇ
ಇಂಜೆರಾ ಮುರಿದು ತಿಂದಿದ್ದೆ ನಾನು.
ರೋಗವನ್ನು ಬೆಂಚಿನ ಮೇಲಿಟ್ಟು
ರೋಗಿಯನ್ನು ಕೆದಕಿದ್ದೆ.
ಕಂಕುಳಲ್ಲಿ ಕೂಸು, ಊರೆಲ್ಲ ಡಂಗುರ.

ಗುರು ಬೈಯಲಿಲ್ಲ.
‘ಎಣ್ಣೆ ಡಬ್ಬಕ್ಕೆ ಎಷ್ಟು ತೂತು ಹೊಡೀತೀಯ?’
‘ಎರಡು.’
‘ಎರಡನೇದು ಯಾಕೆ?’
ನಾನು ರಸ್ತೆ ನೋಡಿದೆ.

ಅವಳ ತಲೆಯಿಂದ ಪಿನ್ನೊಂದು ಕೇಳಿ ಪಡೆದು
ಟ್ಯಾಂಕಿನಿಂದ ದೂರ, ಬಂಡೆಯ ಮರೆಗೆ ಹೋಗಿ
ಕಡ್ಡಿ ಗೀರಿ ಕಾಯಿಸಿ ಚುಚ್ಚಿದ.
ಪೂಜೆ ಮುಗಿದ ಚರ್ಚಿನ ವಾಸನೆ ಬಂತು.

ಗಾಡಿ ಏರಿತು. ಪಿನ್ನಿಲ್ಲದ ಕೂದಲು
ಅವಳ ಬಾಯಿಗೇ ಹಾರಿ ಬರುತ್ತಿತ್ತು.
‘ತಿಂಗಳಿಗೆ ಎಷ್ಟು ಹೋದೀತು, ಗಾಳಿಗೆ?’
‘ಒಂದು ಚಹಾ ಲೋಟ’ ಎಂದ ಹಬ್ತೆಜ್ಗಿ.
ಅವಳು ಸ್ಟಿಯರಿಂಗಿನ ಮೇಲೆ ಬೆರಳು ಮಡಿಸುತ್ತ
ಲೆಕ್ಕಕ್ಕೆ ತೊಡಗಿದಳು.
ಎಂಟನೇ ತಿರುವು ಯಾವಾಗ ಹೋಯಿತೋ,
ಯಾರೂ ಎಣಿಸಲಿಲ್ಲ.