ಇಲ್ಲ, ಅಲ್ಲ, ಬೇಡ

ಮಂಜೇಶ್ವರದ ಬಂದರಿನ ಹತ್ತಿರ ಐಸ್ ಪ್ಲಾಂಟು.
ಮುನ್ನೂರು ಡಬ್ಬಿ, ಉಪ್ಪುನೀರಿನ ತೊಟ್ಟಿ,
ತೊಟ್ಟಿಗೆ ಒಂದೇ ಆಜ್ಞೆ: ಸೊನ್ನೆಗಿಂತ ಹತ್ತು ಕೆಳಗೆ ಇರು.
ಆಜ್ಞೆ ಇರುವುದು ಒಂದು ಕಡತದಲ್ಲಿ,
ಕಡತ ಓದುವುದು ನಾನು ಬರೆದ ನಾಲ್ಕು ಸಾಲು.

ಉಪ್ಪಳದ ಚಪ್ಪಲಿ ಅಂಗಡಿಯ ಮಹಡಿಯಲ್ಲಿ ಕೂತು ಬರೆದದ್ದು.
ಚೆಂದ ಇತ್ತು. ಹೆಸರು ಕೊಡು, ಬೆಲೆ ತಗೊ.
ಹೆಸರು ಸಿಗದಿದ್ದರೆ ಗಲಾಟೆ ಮಾಡದೆ
ಒಂದು ಸೊನ್ನೆ ಕೈಗಿಡು.
ಮನೆಗೆ ಬಂದವರನ್ನು ಬರಿಗೈಲಿ ಕಳಿಸಬಾರದು ಅಂತ
ಪ್ರೋಗ್ರಾಮಿಗೂ ಕಲಿಸಿದ್ದೆ.

ಮಂಗಳವಾರ ರಾತ್ರಿ ಕರೆಂಟು ಹೋಗಿ ಬಂತು, ಹೋಗಿ ಬಂತು.
ಬರೆಯುತ್ತಿದ್ದ ಕಡತ ಅರ್ಧಕ್ಕೇ ಉಳಿಯಿತು.
ಕಂಪ್ರೆಸರ್ ಎದ್ದು ಕೇಳಿತು: ಎಷ್ಟು ತಣ್ಣಗೆ?
ನನ್ನ ಸಾಲು ಹುಡುಕಿತು, ಸಿಗಲಿಲ್ಲ,
ವಿನಯದಿಂದ ಹೇಳಿತು: ಸೊನ್ನೆ.
ಸೊನ್ನೆಯಾದರೆ ಆಗಲೇ ಆಯಿತಲ್ಲ ಎಂದು
ಕಂಪ್ರೆಸರ್ ಮಲಗಿತು.

ನಸುಕಿಗೆ ಡಬ್ಬಿ ಕವುಚಿದರೆ
ನೀರು.
ಅಂಚಿನಲ್ಲಿ ಹಪ್ಪಳದಷ್ಟು ತೆಳು ಐಸು.
ವಾರಿಜಕ್ಕ ಆರು ಬುಟ್ಟಿ ಬಂಗುಡೆ ಇಳಿಸಿ ನಿಂತಿದ್ದರು.
ಬೈಯಲಿಲ್ಲ. ಸೆರಗಿನಿಂದ ಮೀನಿಗೆ ಗಾಳಿ ಹಾಕಿದರು.
ಅದರಿಂದ ಏನೂ ಆಗದೆಂದು ಇಬ್ಬರಿಗೂ ಗೊತ್ತಿತ್ತು.

ಅಂದುಂಞಿಚ್ಚ ಪ್ಯಾನಲಿನ ಬಾಗಿಲು ತೆರೆದು ಕೇಳಿದರು:
"ನಿನ್ನ ಮಿಶನು ಸೊನ್ನೆ ಹೇಳಿದ್ದೋ, ಇಲ್ಲ ಹೇಳಿದ್ದೋ?"
ಎರಡನ್ನೂ ಒಂದೇ ಮಾಡಿಟ್ಟಿದ್ದೆ, ಅಂದೆ.
"ಅದು ಹೇಗೆ ಮಾರಾಯ್ತಿ?
ಅಂಗಡಿಯಲ್ಲಿ ಸಕ್ಕರೆ ಉಂಟಾ ಕೇಳಿದರೆ
ಇಲ್ಲ ಹೇಳ್ತಾನೆ. ಇದು ಸಕ್ಕರೆಯಾ ಕೇಳಿದರೆ
ಅಲ್ಲ ಹೇಳ್ತಾನೆ. ಚಾಯಕ್ಕೆ ಹಾಕಲಾ ಕೇಳಿದರೆ
ನಾನು ಬೇಡ ಹೇಳ್ತೇನೆ, ನನಗೆ ಶುಗರ್.
ಮೂರು ಸಲವೂ ಬಾಯಿಗೆ ಸಕ್ಕರೆ ಬೀಳಲಿಲ್ಲ.
ಹಾಗಂತ ಮೂರೂ ಒಂದೇ ಮಾತಾ?"

ಇಲ್ಲ, ಅಲ್ಲ, ಬೇಡ.
ವಾರಿಜಕ್ಕನ ಬಾಯಲ್ಲಿ ಇಜ್ಜಿ, ಅತ್ತ್, ಬೊಡ್ಚಿ.
ಅಂದುಂಞಿಚ್ಚನ ಮನೆಯಲ್ಲಿ ಮೂರನೆಯದು ಬೇಂಡ.
ಇಲ್ಲಿ ಮಾತು ಕಲಿತ ಮಗುವೂ ಬಲ್ಲ ಮೂರು ಬಾಗಿಲಿಗೆ
ನಾನು ಒಂದೇ ಗೋಡೆ ಕಟ್ಟಿದ್ದೆ.

ಮತ್ತೆ ಮಹಡಿ. ಹಳೆಯ ಸಾಲು ಅಳಿಸಿದೆ.
ಕಡತದಲ್ಲಿ ಹೆಸರೇ ಕಾಣದಿದ್ದರೆ: ಇಲ್ಲ.
ಅಂಕಿಯ ಜಾಗದಲ್ಲಿ ಅಕ್ಷರ ಕೂತಿದ್ದರೆ: ಅಲ್ಲ.
ಬೇಕೆಂದೇ ಖಾಲಿ ಬಿಟ್ಟಿದ್ದರೆ: ಬೇಡ,
ನೀನಾಗಿ ತುಂಬಲು ಹೋಗಬೇಡ.
ಬೆಲೆ ಸಿಕ್ಕರೆ, ಯಾರು ಹೇಳಿದ್ದೆಂದೂ ಹೇಳು:
ಮಿಶನು ಮಾಡಿದವರಾ, ಕಡತವಾ,
ಪ್ಯಾನಲಿನ ಮುಂದೆ ನಿಂತ ಮನುಷ್ಯನಾ.
ಕೊನೆಗೆ ಹೇಳಿದವರ ಮಾತು ನಡೆಯಲಿ,
ಮೊದಲು ಹೇಳಿದವರದು ಅಳಿಯದಿರಲಿ.

ಭಾಷೆ ಎಂಬ ಹೆಸರೂ ಆ ಕಡತದಲ್ಲಿತ್ತು.
ಖಾಲಿ ಇದ್ದರೆ ಪಿನ್‌ಕೋಡ್ ನೋಡಿ ಊಹಿಸು ಎಂದಿದ್ದೆ.
ಪಿನ್‌ಕೋಡಿಗೆ ಏನು ಗೊತ್ತು.
ಈಗ ಪರದೆ ಕೇಳುತ್ತದೆ, ಕಾಯುತ್ತದೆ.

ಈ ಓದುವ ಸಾಲಿಗೆ ಹೆಸರಿಡುವುದೇ ಕಷ್ಟವಾಯಿತು.
'ಪಡೆ' ಎಂದರೆ ದಂಡು ಬಂದ ಹಾಗೆ,
'ತೆಗೆ' ಎಂದರೆ ಕಿಸೆಗೆ ಕೈ ಹಾಕಿದ ಹಾಗೆ.
ರಾತ್ರಿ ಮೂರಕ್ಕೆ 'ಕೇಳು' ಎಂದಿಟ್ಟೆ.
ಬಾಯಿಗೂ ಅದೇ, ಕಿವಿಗೂ ಅದೇ.

ಇವತ್ತು ಹೊಸದನ್ನು ಹಚ್ಚಿದೆವು.
ಪರದೆಯಲ್ಲಿ, ತಂಪು: ಇಲ್ಲ.
ಕಂಪ್ರೆಸರ್ ಜಗ್ಗಲಿಲ್ಲ, ಗಂಟೆ ಮಾತ್ರ ಬಡಿಯಿತು.
ಅಂದುಂಞಿಚ್ಚ ಬಾಗಿಲ ಒಳಬದಿಗೆ ಬಗ್ಗಿ
ತಾನೇ ಸೀಮೆಸುಣ್ಣದಲ್ಲಿ ಬರೆದದ್ದನ್ನು ಓದಿ ಒತ್ತಿದರು.
ಹತ್ತು. ಹೇಳಿದ್ದು: ಅಂದುಂಞಿ.
ನಾವಿಬ್ಬರೂ ಅದನ್ನು ಎರಡು ಸಲ ಓದಿದೆವು.
ಹತ್ತರ ಹಿಂದಿನ ಗೀಟು
ಅವರದೇ ತೋಳಿಗೆ ಒರೆಸಿ ಎಂದೋ ಹೋಗಿತ್ತು.

ಹೊರಗಿನಿಂದ ವಾರಿಜಕ್ಕ: "ಐಸ್ ಉಂಡಾ?"
"ಇತ್ತೆ ಇಜ್ಜಿ," ಎಂದರು ಅಂದುಂಞಿಚ್ಚ
ಕಿಸೆಯಲ್ಲಿ ಸೀಮೆಸುಣ್ಣ ಹುಡುಕುತ್ತಾ.