ಇಪ್ಪತ್ಮೂರನೆಯ ಪ್ರಶ್ನೆ

ಲಿಮಾದ ಮಂಜಿಗೆ ಕಿಟಕಿ ಮುಚ್ಚಿ
ನೆಲಿಡಾ ಮಕ್ಕಳನ್ನು ಜೋಡಿಸುತ್ತಾಳೆ:
ಮೂವತ್ತೊಂದು ಅಂಕದ ಪಟ್ಟಣದವನ ಪಕ್ಕ
ಮೂವತ್ತೊಂದೇ ಅಂಕದ ಬೆಟ್ಟದವಳು.
ಬಲ್ಲತನದಲ್ಲಿ ಇಬ್ಬರೂ ಒಂದೇ ತೂಕ.
ಆಮೇಲೆ ಒಂದೊಂದೇ ಪ್ರಶ್ನೆಯ ಕಿವಿ ಹಿಡಿದು ಕೇಳುತ್ತಾಳೆ:
ನೀನು ಯಾರ ಕಡೆ?

ಪರದೆಯ ಮೇಲೆ ಎರಡು ಗೆರೆ
ಜೊತೆಜೊತೆಗೇ ಏರುತ್ತಿದ್ದವು,
ಇಪ್ಪತ್ಮೂರರಲ್ಲಿ ಬಾಯಿ ಬಿಟ್ಟವು.
'ಎಸ್ಕಲೇಟರ್ ನಿಮಿಷಕ್ಕೆ ನಲವತ್ತು ಮೆಟ್ಟಿಲು ಏರಿದರೆ...'
ಬೆಟ್ಟದವಳೊಬ್ಬಳು ಉತ್ತರದ ಜಾಗದಲ್ಲಿ ಬರೆದಿದ್ದಳು:
ಮೆಟ್ಟಿಲು ಏರುವುದಿಲ್ಲ. ಏರುವವರು ನಾವು.

ತೆಗೆ, ಅಂದಳು ನೆಲಿಡಾ.

ಮೂವತ್ತೆಂಟರಲ್ಲಿ ಮತ್ತೆ ಬಿರುಕು, ಈ ಸಲ ತಿರುಗುಮುರುಗು.
ಹಿಮಕ್ಕೊಡ್ಡಿ, ತುಳಿದು, ಒಣಗಿಸಿದರೆ
ಐದು ಮೂಟೆ ಆಲೂಗಡ್ಡೆಗೆ ಚುನ್ಯೊ ಎಷ್ಟು?
ಸೋತವರು ಪಟ್ಟಣದವರು.
ಕಾಗದ ಎಣಿಸುತ್ತಿದ್ದ ಎಲೆಯುತೆರಿಯೊ ನಕ್ಕ,
ಅವನೂರು ಪೂನೊದಾಚೆ:
'ಇದೊಂದಾದರೂ ಇರಲಿ, ಸೆನ್ಯೋರಾ.'

ಲೆಕ್ಕಕ್ಕೆ ದಾಕ್ಷಿಣ್ಯವಿಲ್ಲ.
ಅದನ್ನೂ ತೆಗೆದಳು.

ಉಳಿದವು ನಲವತ್ತೆಂಟು,
ಯಾರ ಅಡುಗೆಮನೆಯ ವಾಸನೆಯೂ ಹತ್ತದವು.

ಸಂಜೆ, ಸೊಪ್ಪು ಕೊಳ್ಳಲು ಹೋದವಳು
ಮಳಿಗೆಯ ಎಸ್ಕಲೇಟರ್ ಮೇಲೆ ಸುಮ್ಮನೆ ನಿಂತಳು.
ನಲವತ್ತೋ, ಐವತ್ತೋ, ಎಣಿಸಲು ನೋಡಿದಳು,
ತಪ್ಪಿತು.
ತುದಿ ಮುಟ್ಟಿದಾಗ ಮಾತ್ರ
ಒಂದೇ ಒಂದು ಸಲ
ಕಾಲೆತ್ತಬೇಕಾಯಿತು.